ಕಣ್ಣಿನ ಗೂಡು ಮತ್ತು ಬಿಲ್ಲಿನ ಪಟ್ಟಿ : ಮಂಗಳೂರಿನ ವೈದ್ಯಕೀಯ ಚರಿತ್ರೆಯ ಒಂದು ಪ್ರಶ್ನೆ

ಆಸ್ಪತ್ರೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ತ್ಯಾಗ, ಕಟ್ಟಡಗಳ ವಿಸ್ತಾರ, ವೈದ್ಯರ ಕೌಶಲ ಇವುಗಳನ್ನು ವರ್ಣಿಸಿ ವಿರಮಿಸುವುದುಂಟು. ಆಸ್ಪತ್ರೆಯ ಲೆಕ್ಕದ ಕೋಣೆಯನ್ನು ಹೊಕ್ಕವರು ವಿರಳ. ಆದರೆ ಯಾವ ರೋಗಿಗೆ ಯಾವ ಶಸ್ತ್ರಕ್ರಿಯೆಯು ಎಟುಕುವುದೆಂಬುದು ಇಂದು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಕೋಣೆಯಲ್ಲಿಯೇ. ಪ್ರಕೃತ ಲೇಖನದಲ್ಲಿ ನಾವು ಒಂದೇ ಒಂದು ಶಸ್ತ್ರಕ್ರಿಯೆಯನ್ನು, ಎಂದರೆ ಕಣ್ಣಿನ ಗೂಡಿನ ಪುನಾರಚನೆಯನ್ನು ಆರಿಸಿಕೊಂಡು, ರೋಗಗಳ ಮತ್ತು ದರಗಳ ಪಟ್ಟಿಯಲ್ಲಿ ಅದಕ್ಕೆ ದೊರೆತ ಸ್ಥಾನವನ್ನು ಪರಿಶೀಲಿಸಲಿದ್ದೇವೆ.

ಕಣ್ಣಿನ ಗೂಡು ಏಳು ಎಲುಬುಗಳು ಕೂಡಿ ಆದ ಪಾತ್ರೆ. ಅದರೊಳಗೆ ಕಣ್ಣುಗುಡ್ಡೆ, ಅದನ್ನು ಆಡಿಸುವ ಸ್ನಾಯುಗಳು, ಕೊಬ್ಬು, ಒಳಗಿನ ತೆಳುಪೊರೆ ಇವೆಲ್ಲ ಸೇರಿವೆ. ರಸ್ತೆಯ ಅಪಘಾತದಲ್ಲಿ ಗೂಡಿನ ತಳ ಒಡೆಯಬಹುದು. ಅರ್ಬುದ ರೋಗದಿಂದ ಗುಡ್ಡೆಯನ್ನೇ ತೆಗೆಯಬೇಕಾಗಬಹುದು. ಹುಣ್ಣಾಗಿ ಕಣ್ಣು ಬತ್ತಬಹುದು. ಅಪೂರ್ವವಾಗಿ ಶಿಶುವು ಕಣ್ಣಿಲ್ಲದೆಯೇ ಹುಟ್ಟಬಹುದು. ಎಲುಬನ್ನು ಜೋಡಿಸುವುದು, ಬರಿದಾದ ಗೂಡಿಗೆ ಗೋಲವನ್ನಿರಿಸುವುದು, ಒಳಪೊರೆಯನ್ನು ಕಸಿಮಾಡುವುದು, ಕೊನೆಗೆ ಕೃತಕ ಕಣ್ಣನ್ನು ತೊಡಿಸುವುದು: ಇವೆಲ್ಲ ರೋಗಿಯ ಪಾಲಿಗೆ ಒಂದೇ ಕಾರ್ಯ. ಪಟ್ಟಿಗಳಿಗೆ ಹಾಗಲ್ಲ.

ಮಂಗಳೂರಿನಲ್ಲಿ ಬಹುಕಾಲ ಇಂತಹ ಪ್ರಶ್ನೆಯೇ ಏಳಲಿಲ್ಲ. ವೆನ್ಲಾಕ್ ಆಸ್ಪತ್ರೆಯ ಆರಂಭ ೧೮೪೮ರಲ್ಲಿ. ಅದಕ್ಕಿರುವ ಹೆಸರು ೧೮೯೧ರಿಂದ ೧೮೯೬ರವರೆಗೆ ಮದ್ರಾಸಿನ ಗವರ್ನರರಾಗಿದ್ದ ಲಾರ್ಡ್ ವೆನ್ಲಾಕರದು. ಕಂಕನಾಡಿಯಲ್ಲಿ ಜರ್ಮನ್ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರರು ೧೮೮೦ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. ಕುಷ್ಠರೋಗಿಗಳ ಆಶ್ರಯವೂ ಅದರ ಬೆನ್ನಲ್ಲಿಯೇ ಬಂದಿತು. ಒಂದು ಕಡೆ ಸರಕಾರದ ವೆಚ್ಚ, ಇನ್ನೊಂದು ಕಡೆ ದಾನ. ಹೀಗಿರುವಾಗ ಒಂದೊಂದು ಶಸ್ತ್ರಕ್ರಿಯೆಗೆ ಒಂದೊಂದು ಅಂಕವನ್ನು ಕೊಟ್ಟು ಮೂರನೆಯವರಿಂದ ಹಣ ಕೇಳುವ ಸಂದರ್ಭವೇ ಇರಲಿಲ್ಲ. ೧೯೫೫ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇಲ್ಲಿ ಕಾಲಿರಿಸಿ, ಅದರ ವಿದ್ಯಾರ್ಥಿಗಳು ವೆನ್ಲಾಕಿನಲ್ಲಿಯೇ ರೋಗಿಗಳನ್ನು ಕಂಡು ಕಲಿಯತೊಡಗಿದ ಮೇಲೂ ಈ ಸ್ಥಿತಿ ಬಹಳ ಬದಲಾಗಲಿಲ್ಲ.

ಪಟ್ಟಿಗಳು ಹುಟ್ಟಿದ್ದು ಬೇರೆಡೆ, ಬೇರೆ ಉದ್ದೇಶಕ್ಕೆ. ಫ್ರೆಂಚ್ ಅಂಕಿಅಂಶತಜ್ಞ ಜಾಕ್ ಬೆರ್ತಿಯೋನರು ೧೮೯೩ರಲ್ಲಿ ಮಂಡಿಸಿದ ಪಟ್ಟಿ ಮರಣದ ಕಾರಣಗಳದು. ಎಂದರೆ ಸತ್ತವರನ್ನು ಎಣಿಸಲು ರಚಿತವಾದದ್ದು. ೧೯೪೮ರ ಆರನೆಯ ಪರಿಷ್ಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬದುಕಿರುವವರ ರೋಗಗಳನ್ನೂ ಗಾಯಗಳನ್ನೂ ಅದರಲ್ಲಿ ಸೇರಿಸಿತು. ಹತ್ತನೆಯ ಪರಿಷ್ಕರಣದಲ್ಲಿ ಗೂಡಿನ ತಳದ ಮುರಿತವು ಎಸ್ ೦೨.೩ ಎಂಬ ಅಂಕದಡಿ ತಲೆಬುರುಡೆಯ ಮುರಿತಗಳೊಂದಿಗಿದೆ. ಗೂಡಿನ ವಿಕಾರವು ಎಚ್ ೦೫.೩ ಆಗಿ ನೇತ್ರರೋಗಗಳೊಂದಿಗಿದೆ. ಹುಟ್ಟಿನಿಂದ ಕಣ್ಣಿಲ್ಲದಿರುವುದು ಕ್ಯೂ ೧೧ರಲ್ಲಿ ಜನ್ಮಜಾತ ದೋಷಗಳ ಸಾಲಿಗೆ ಸೇರಿದೆ. ಸಾವಿನ ಎಣಿಕೆಗೆ ಇಂತಹ ವಿಭಾಗ ಬಾಧಕವಲ್ಲ. ಗೂಡು ಒಡೆದು ಸತ್ತವನು ಒಂದು ಸಾಲಿನಲ್ಲಿದ್ದರೇನು, ಇನ್ನೊಂದರಲ್ಲಿದ್ದರೇನು?

ಬಾಧಕವಾಗುವುದು ಹಣದ ಪಟ್ಟಿಯಲ್ಲಿ. ಅಮೆರಿಕದ ವೈದ್ಯಕೀಯ ಸಂಘವು ೧೯೬೬ರಲ್ಲಿ ಶಸ್ತ್ರಕ್ರಿಯೆಗಳ ಅಂಕಪಟ್ಟಿಯೊಂದನ್ನು ಪ್ರಕಟಿಸಿತು. ೧೯೭೦ರಲ್ಲಿ ಅದು ಐದು ಸ್ಥಾನಗಳ ಅಂಕಗಳಿಗೆ ಬೆಳೆಯಿತು. ೧೯೮೩ರಿಂದ ಅಲ್ಲಿನ ವೃದ್ಧರ ಸರಕಾರಿ ವಿಮೆಯ ಬಿಲ್ಲುಗಳಿಗೂ ಆಧಾರವಾಯಿತು. ಈ ಪಟ್ಟಿ ನಮ್ಮ ವಿಷಯಕ್ಕೆ ಬಹು ಬೋಧಪ್ರದವಾದದ್ದು. ಗೂಡಿನ ತಳ ಒಡೆದರೆ ಅಂಕವನ್ನು ಹುಡುಕಬೇಕಾದದ್ದು ೨೧೩೮೫ರಿಂದ ೨೧೩೯೫ರವರೆಗೆ, ಎಲುಬು-ಸ್ನಾಯುಗಳ ವಿಭಾಗದಲ್ಲಿ. ಅದರಲ್ಲಿಯೂ ವೈದ್ಯನು ಯಾವ ದಾರಿಯಿಂದ ಒಳಹೊಕ್ಕನೆಂಬುದರ ಮೇಲೆ ಅಂಕ ಬದಲಾಗುತ್ತದೆ. ಗುಡ್ಡೆಯನ್ನು ತೆಗೆದು ಗೋಲವನ್ನಿಟ್ಟರೆ ೬೫೧೦೩ ಅಥವಾ ೬೫೧೦೫, ಇವು ನೇತ್ರವಿಭಾಗದವು. ಒಳಪೊರೆಯನ್ನು ಕೆನ್ನೆಯ ಒಳಗಿನ ಚರ್ಮದಿಂದ ಕಸಿಮಾಡಿದರೆ ೬೮೩೨೮. ಕೆನ್ನೆಯಿಂದ ಪೊರೆಯನ್ನು ತೆಗೆದ ಶ್ರಮವೂ ಆ ಅಂಕದಲ್ಲಿಯೇ ಅಡಕ. ಅದಕ್ಕೆ ಪ್ರತ್ಯೇಕ ಹಣ ಕೇಳುವಂತಿಲ್ಲ. ಇನ್ನು ಕೃತಕ ಕಣ್ಣು ಶಸ್ತ್ರಕ್ರಿಯೆಯೇ ಅಲ್ಲ, ಸಾಮಗ್ರಿ. ಅದು ವಿ ೨೬೨೩ ಎಂಬ ಅಂಕದಲ್ಲಿ ಮತ್ತೊಂದು ಪಟ್ಟಿಯನ್ನೇ ಸೇರಿಕೊಂಡಿದೆ. ಒಬ್ಬನೇ ಮನುಷ್ಯನ ಒಂದು ಗೂಡು ಹೀಗೆ ನಾಲ್ಕು ಕಡೆ ಹಂಚಿಹೋಗಿದೆ. ಅಮೆರಿಕದ ಆಸ್ಪತ್ರೆಗಳ ಇಂತಹ ಅಂಕಗಳನ್ನು ತುಂಬುವ ಕೆಲಸವು ಈಗ ಕರ್ನಾಟಕದ ಪದವೀಧರರಿಗೆ ಒಂದು ಜೀವನೋಪಾಯವಾಗಿದೆಯೆಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು.

ಮಂಗಳೂರಿಗೆ ದರಪಟ್ಟಿಯು ವ್ಯಾಪಕವಾಗಿ ಬಂದುದು ಸಹಕಾರದ ಮಾರ್ಗದಿಂದ. ೧೯೯೯ರಲ್ಲಿ ಫಾದರ್ ಮುಲ್ಲರ್, ಕೆ. ಎಸ್. ಹೆಗ್ಡೆ, ಯೆನೆಪೋಯ ಈ ಮೂರು ಹೆಸರುಗಳ ವೈದ್ಯಕೀಯ ಕಾಲೇಜುಗಳು ಒಂದೇ ವರ್ಷ ತಲೆಯೆತ್ತಿದ್ದವು. ಹಾಸಿಗೆಗಳಿದ್ದವು, ಬಡ ರೈತನ ಕೈಯಲ್ಲಿ ಹಣವಿರಲಿಲ್ಲ. ೨೦೦೩ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಿಂದ ವರ್ಷಕ್ಕೆ ೬೦ ರೂಪಾಯಿ ಪಡೆದು, ನಿಗದಿಯಾದ ದರದಲ್ಲಿ ೧೬೦೦ಕ್ಕೂ ಮಿಕ್ಕ ಶಸ್ತ್ರಕ್ರಿಯೆಗಳ ಹೊಣೆ ಹೊತ್ತಿತು. ಸಹಕಾರ ಚಳವಳಿ ಬೇರೂರಿದ ದಕ್ಷಿಣ ಕನ್ನಡಕ್ಕೆ ಇದು ಸಹಜವಾಗಿ ಒಗ್ಗಿತು. ಆದರೆ ಅದರ ಆರಂಭದ ನಿಯಮಗಳಲ್ಲಿ ಕೃತಕಾಂಗಗಳೂ ದೇಹದೊಳಗೆ ಇರಿಸುವ ವಸ್ತುಗಳೂ ಹೊರಗುಳಿದಿದ್ದವು. ಕಣ್ಣಿನ ಗೂಡಿನ ವಿಷಯದಲ್ಲಿ ಇದರ ಅರ್ಥ ಸ್ಪಷ್ಟವಾಗಿಯೇ ಇದೆ: ಕೆಟ್ಟ ಗುಡ್ಡೆಯನ್ನು ತೆಗೆಯಲು ಹಣವುಂಟು, ಬರಿದಾದ ಗೂಡನ್ನು ತುಂಬಲು ಇಲ್ಲ. ೬೦ ರೂಪಾಯಿಗೆ ಎಲ್ಲವನ್ನೂ ಕೊಡಲಾಗದೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೂ ಮೊದಲು ಕೈಬಿಟ್ಟದ್ದು ಯಾವುದನ್ನೆಂಬುದು ಚರಿತ್ರಕಾರನು ಗಮನಿಸಬೇಕಾದ ಅಂಶವೇ ಸರಿ.

೨೦೧೮ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ ಯೋಜನೆಯು ಚಿಕಿತ್ಸೆಗಳ ಪಟ್ಟಿಯೊಂದಿಗೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿತು. ಪಟ್ಟಿಯಲ್ಲಿ ೧೬೯ ತುರ್ತು ಚಿಕಿತ್ಸೆಗಳಿಗೆ ರೋಗಿಯು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಬಹುದಿತ್ತು. ಕ್ಲಿಷ್ಟವಾದ ಉಳಿದವಕ್ಕೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಪಘಾತದ ದಿನ ಗೂಡು ತುರ್ತಿನ ವಿಷಯ. ಆರು ತಿಂಗಳ ಮೇಲೆ ಕಣ್ಣು ಗುಳಿಬಿದ್ದು ನೋಟ ಎರಡಾಗಿ ಕಂಡಾಗ ಅದೇ ಗೂಡು ಚೀಟಿಗಾಗಿ ವೆನ್ಲಾಕಿನ ಬಾಗಿಲಲ್ಲಿ ನಿಲ್ಲುತ್ತದೆ. ೧೮೪೮ರ ಆಸ್ಪತ್ರೆಯು ಚಿಕಿತ್ಸೆಯ ಮನೆಯಾಗಿರುವುದರ ಜೊತೆಗೆ ಹೀಗೆ ಅನುಮತಿಯ ಕಟ್ಟೆಯೂ ಆಯಿತು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನವರಿಗಾದರೋ ಇನ್ನೂ ಒಂದು ಕಟ್ಟೆ ಇದೆ. ಚಿಕಿತ್ಸೆಗೆ ಮಂಗಳೂರನ್ನೇ ನಂಬಿರುವ ಅವರ ರೇಷನ್ ಕಾರ್ಡು ಬೇರೆ ರಾಜ್ಯದ್ದು. ೨೦೨೦ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕೇರಳದ ಉಚ್ಚ ನ್ಯಾಯಾಲಯದವರೆಗೆ ಹೋದ ವಿವಾದವನ್ನು ವಾಚಕರು ಮರೆತಿರಲಾರರು.

ವಿಮಾ ಕಂಪೆನಿಗಳ ಮಾತು ಬೇರೆ. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಅವು ಹಣ ಕೊಡುವುದಿಲ್ಲ. ಹಾಗಾದರೆ ಬರಿದಾದ ಗೂಡನ್ನು ತುಂಬುವುದು ಸೌಂದರ್ಯವೇ, ಚಿಕಿತ್ಸೆಯೇ? ಅಮೆರಿಕದ ವೈದ್ಯಕೀಯ ಸಂಘವು ೧೯೮೯ರಲ್ಲಿ ಕೊಟ್ಟ ಲಕ್ಷಣ ವಿಶಾಲವಾದುದು: ಸಹಜವಾದ ಅಂಗವನ್ನು ತಿದ್ದಿದರೆ ಸೌಂದರ್ಯ, ಜನ್ಮದೋಷ, ಗಾಯ, ಸೋಂಕು, ಗೆಡ್ಡೆ, ರೋಗ ಇವುಗಳಿಂದ ಕೆಟ್ಟ ಅಂಗವನ್ನು ತಿದ್ದಿದರೆ ಪುನಾರಚನೆ. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವು ೨೦೧೯ರ ಸೆಪ್ಟೆಂಬರಿನಲ್ಲಿ ರೂಪಿಸಿದ ಎಂಟನೆಯ ಅಂಕದ ನಿಷೇಧವಾಕ್ಯ ಇದಕ್ಕಿಂತ ಇಕ್ಕಟ್ಟಾದುದು. ಅದು ಹೆಸರಿಸಿ ವಿನಾಯಿತಿ ಕೊಡುವುದು ಅಪಘಾತ, ಸುಟ್ಟಗಾಯ, ಅರ್ಬುದ ಈ ಮೂರಕ್ಕೆ; ಇವಲ್ಲದಿದ್ದರೆ ಆರೋಗ್ಯಕ್ಕೆ ನೇರವಾದ, ಕೂಡಲೇ ಒದಗುವ ಅಪಾಯವಿರಬೇಕು. ರೋಗಿ ಬೈಕಿನಿಂದ ಬಿದ್ದವನಾದರೆ ಬಿಲ್ಲು ಸಲ್ಲುತ್ತದೆ. ಕಣ್ಣಿನ ಹುಣ್ಣಿನಿಂದ ಗುಡ್ಡೆಯನ್ನು ಕಳೆದುಕೊಂಡವಳ ಗೂಡೂ ಅಷ್ಟೇ ಬರಿದು. ಆದರೆ ಸೋಂಕಿನ ಹೆಸರು ಆ ವಾಕ್ಯದಲ್ಲಿಲ್ಲ. ಕಣ್ಣಿಲ್ಲದೆ ಹುಟ್ಟಿದ ಶಿಶುವಿನದಂತೂ ಮತ್ತೂ ಕಠಿನ. ಒಳಗೆ ಗುಡ್ಡೆಯ ಒತ್ತಡವಿಲ್ಲದಿದ್ದರೆ ಗೂಡಿನ ಎಲುಬು ಬೆಳೆಯದೆ ಮುಖದ ಒಂದು ಪಾರ್ಶ್ವ ಕುಗ್ಗುತ್ತದೆ. ಆದುದರಿಂದ ಮೊದಲ ವರ್ಷಗಳಲ್ಲಿಯೇ ಗೂಡನ್ನು ಹಂತಹಂತವಾಗಿ ಹಿಗ್ಗಿಸುತ್ತ ಬರಬೇಕು. ಈ ಅಪಾಯವು ನೇರವಾದದ್ದು, ನಿಜ. ಆದರೆ ಅದು ಒದಗುವುದು ವರ್ಷಗಳ ಅವಧಿಯಲ್ಲಿ. ‘ಕೂಡಲೇ’ ಎಂಬ ಆ ಒಂದು ಪದಕ್ಕೆ ಕ್ಲೇಮನ್ನು ಪರಿಶೀಲಿಸುವ ಅಧಿಕಾರಿಯು ಎಷ್ಟು ಕಾಲದ ಅರ್ಥವನ್ನು ಕೊಡುತ್ತಾನೆಂಬುದರ ಮೇಲೆ ಆ ಶಿಶುವಿನ ಮುಖ ನಿಂತಿದೆ.