ಆಧ್ಯಾತ್ಮಿಕ ಪರಿಪಕ್ವತೆ (ಕ್ರೈಸ್ತಧರ್ಮ)

ಆಧ್ಯಾತ್ಮಿಕ ಪರಿಪಕ್ವತೆ ಎಂಬುದು ಕ್ರೈಸ್ತಧರ್ಮದಲ್ಲಿ ದೇವರ ಮಗುವೆಂದು ಅಂಗೀಕೃತನಾದ ವಿಶ್ವಾಸಿಯು ಕ್ರಿಸ್ತನ ಸ್ವಭಾವಕ್ಕೆ ಅನುರೂಪವಾಗಿ ಬೆಳೆಯುವ ಪ್ರಕ್ರಿಯೆ. ಇದನ್ನು ಆತ್ಮಿಕ ಬೆಳವಣಿಗೆ ಎಂದೂ ಕರೆಯಲಾಗುತ್ತದೆ. ದೇವರ ಮಗುವಿನ ಸ್ಥಾನವು ಕೃಪೆಯಿಂದ ದೊರೆಯುವಂಥದು; ಪರಿಪಕ್ವತೆಯು ಆ ಸ್ಥಾನಕ್ಕೆ ತಕ್ಕಂತೆ ಬಾಳುವುದರಿಂದ ಕ್ರಮೇಣ ಮೂಡುವಂಥದು. ಬೆಳವಣಿಗೆಯಿಂದ ಸ್ಥಾನವನ್ನು ಗಳಿಸಲಾಗುವುದಿಲ್ಲ ಎಂಬುದು ಈ ಬೋಧನೆಯ ತಿರುಳು.

ಬೈಬಲಿನ ಆಧಾರ

ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯವು ಕ್ರಿಸ್ತನನ್ನು ಅಂಗೀಕರಿಸಿದವರು ದೇವರ ಮಕ್ಕಳಾಗುತ್ತಾರೆ ಎನ್ನುತ್ತದೆ. ರೋಮನ್ನರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಪೌಲನು ಇದನ್ನು ದತ್ತುಸ್ವೀಕಾರಕ್ಕೆ ಹೋಲಿಸುತ್ತಾನೆ. ರೋಮನ್ ಕಾನೂನಿನಲ್ಲಿ ದತ್ತುಪುತ್ರನಿಗೆ ಪೂರ್ಣ ವಾರಸುದಾರಿಕೆ ಇದ್ದುದರಿಂದ ಈ ಹೋಲಿಕೆ ಆ ಕಾಲದ ಓದುಗರಿಗೆ ಸ್ಪಷ್ಟವಾಗಿತ್ತು. ಹಾಗೆ ದತ್ತುವಾದವರು ದೇವರನ್ನು 'ಅಬ್ಬಾ' ಎಂದು ಕರೆಯುತ್ತಾರೆ. ಇದು ತಂದೆಯನ್ನು ಸಂಬೋಧಿಸುವ ಅರಮಾಯಿಕ್ ಪದ.

ಪರಿಪಕ್ವತೆಯನ್ನು ಸೂಚಿಸುವ ಗ್ರೀಕ್ ಪದ 'ಟೆಲಿಯೋಸ್'. ಇದಕ್ಕೆ ಗುರಿ ತಲುಪಿದ, ಪೂರ್ಣವಾಗಿ ಬೆಳೆದ ಎಂಬ ಅರ್ಥಗಳಿವೆ. ಇಬ್ರಿಯರಿಗೆ ಬರೆದ ಪತ್ರವು ಹಾಲು ಕುಡಿಯುವ ಶಿಶುವನ್ನೂ ಗಟ್ಟಿ ಆಹಾರ ಉಣ್ಣುವ ವಯಸ್ಕನನ್ನೂ ಹೋಲಿಸಿ, ಒಳಿತು ಕೆಡುಕುಗಳನ್ನು ವಿವೇಚಿಸುವ ಅಭ್ಯಾಸವೇ ವಯಸ್ಕತೆಯ ಗುರುತು ಎನ್ನುತ್ತದೆ. ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಈ ಬೆಳವಣಿಗೆ ವ್ಯಕ್ತಿಗಷ್ಟೇ ಸೀಮಿತವಲ್ಲ, ಇಡೀ ಸಭೆಗೆ ಸೇರಿದ್ದು.

ಮತ್ತಾಯನ ಸುವಾರ್ತೆಯು ಮಕ್ಕಳಂತಾಗಬೇಕೆಂದೂ ಪೌಲನು ಮಕ್ಕಳ ರೀತಿಯನ್ನು ಬಿಡಬೇಕೆಂದೂ ಹೇಳುವುದು ವಿರೋಧಾಭಾಸವೆನಿಸಬಹುದು. ಮಗುವಿನ ನಂಬಿಕೆ, ದೈನ್ಯಗಳು ಉಳಿಯಬೇಕು. ಚಂಚಲತೆ, ಹಟಗಳು ಅಳಿಯಬೇಕು ಎಂದು ವ್ಯಾಖ್ಯಾನಕಾರರು ಇವುಗಳನ್ನು ಹೊಂದಿಸುತ್ತಾರೆ.

ವಿವಿಧ ಪರಂಪರೆಗಳು

ಕ್ಯಾಥೋಲಿಕ್ ಪರಂಪರೆಯಲ್ಲಿ ಜ್ಞಾನಸ್ನಾನ, ದೃಢೀಕರಣ ಮತ್ತು ಪರಮಪ್ರಸಾದಗಳು ಈ ಬದುಕಿನ ತಳಹದಿ. ಶುದ್ಧೀಕರಣ, ಜ್ಞಾನೋದಯ, ಐಕ್ಯ ಎಂಬ ಮೂರು ಹಂತಗಳನ್ನು ಅನುಭಾವಿಗಳು ಗುರುತಿಸಿದ್ದಾರೆ. ಪೌರಸ್ತ್ಯ ಸಭೆಗಳು ಇದನ್ನು ದೈವೀ ಸ್ವಭಾವದಲ್ಲಿ ಪಾಲುಗೊಳ್ಳುವಿಕೆ ಎಂದು ವಿವರಿಸುತ್ತವೆ. ಪ್ರಾಟೆಸ್ಟಂಟರಲ್ಲಿ ಭಿನ್ನಾಭಿಪ್ರಾಯವಿದೆ: ಲೂಥರ್ ಮತ್ತು ಕ್ಯಾಲ್ವಿನ್ ಅವರ ಅನುಯಾಯಿಗಳು ಪಾಪದ ಹೋರಾಟ ಮರಣದವರೆಗೂ ಮುಗಿಯದೆಂದರೆ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ದೇವರನ್ನೂ ನೆರೆಯವರನ್ನೂ ಪೂರ್ಣವಾಗಿ ಪ್ರೀತಿಸುವ ಸ್ಥಿತಿ ಈ ಜೀವನದಲ್ಲೇ ಸಾಧ್ಯವೆಂದರು.

ಮಂಡ್ಯ ಪ್ರದೇಶದಲ್ಲಿ

ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಬಂದರು. ಹೊಸ ವಿಶ್ವಾಸಿಗಳ ಶಿಕ್ಷಣಕ್ಕಾಗಿ ಅವರು ಕನ್ನಡದಲ್ಲಿ ಧರ್ಮೋಪದೇಶದ ಕೃತಿಯನ್ನು ರಚಿಸಿದರು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ಯಾಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಸೆರೆಯಲ್ಲಿ ಅನೇಕರು ಸತ್ತರು, ಅನೇಕರು ಮತಾಂತರಗೊಂಡರು. 1799ರಲ್ಲಿ ಪಟ್ಟಣದ ಪತನಾನಂತರ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಅಲ್ಲಿಗೆ ಬಂದು, ಮರಳಲಿಚ್ಛಿಸಿದವರನ್ನು ಸಭೆಗೆ ಸೇರಿಸಿಕೊಂಡರು. ಒತ್ತಾಯಕ್ಕೆ ಮಣಿದವರಿಗೆ ಮಕ್ಕಳ ಸ್ಥಾನ ಉಳಿದಿದೆಯೇ ಎಂಬುದು ಮೂರನೆಯ ಶತಮಾನದ ಹಿಂಸೆಗಳ ತರುವಾಯ ಆಫ್ರಿಕದ ಸಭೆಯನ್ನೂ ಕಾಡಿದ್ದ ಪ್ರಶ್ನೆ. ಪಶ್ಚಾತ್ತಾಪದ ಮೂಲಕ ಅವರಿಗೆ ಮರಳುವ ದಾರಿಯಿದೆ ಎಂಬ ಸೈಪ್ರಿಯನ್ನನ ನಿಲುವು ಕಾಲಕ್ರಮದಲ್ಲಿ ನೆಲೆಯೂರಿತು. ಈ ದೃಷ್ಟಿಯಲ್ಲಿ ಎಂದೂ ಬೀಳದಿರುವುದಷ್ಟೇ ಪರಿಪಕ್ವತೆಯಲ್ಲ. ಬಿದ್ದವನು ಎದ್ದು ಬರುವುದೂ, ಸಮುದಾಯವು ಅವನನ್ನು ಬರಮಾಡಿಕೊಳ್ಳುವುದೂ ಅದರ ಭಾಗ.

ಇಂದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಲ್ಯಾಟಿನ್ ಕ್ಯಾಥೋಲಿಕರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದಾರೆ. ಸಿರೋ-ಮಲಬಾರ್ ಸಭೆಯ ಮಂಡ್ಯ ಧರ್ಮಪ್ರಾಂತ್ಯವು 2010ರಲ್ಲಿ ಸ್ಥಾಪನೆಯಾಯಿತು. ಲ್ಯಾಟಿನ್ ಪದ್ಧತಿಯಲ್ಲಿ ದೃಢೀಕರಣವು ಸಾಮಾನ್ಯವಾಗಿ ತಿಳಿವಳಿಕೆಯ ವಯಸ್ಸಿನ ನಂತರ ನಡೆದರೆ, ಪೌರಸ್ತ್ಯ ಪದ್ಧತಿಯಲ್ಲಿ ಶಿಶುವಿಗೆ ಜ್ಞಾನಸ್ನಾನದೊಂದಿಗೇ ತೈಲಾಭಿಷೇಕವಾಗುತ್ತದೆ. ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನಿಂದ ಬೆಳೆದ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

ಸಾಧನಗಳು ಮತ್ತು ಲಕ್ಷಣಗಳು

ಪ್ರಾರ್ಥನೆ, ಬೈಬಲ್ ಪಠಣ, ಸಂಸ್ಕಾರಗಳು, ಉಪವಾಸ, ಆತ್ಮಪರೀಕ್ಷೆ ಹಾಗೂ ಸೇವೆ ಮುಖ್ಯ ಸಾಧನಗಳು. ಗಲಾತ್ಯದವರಿಗೆ ಬರೆದ ಪತ್ರವು ಪವಿತ್ರಾತ್ಮನ ಫಲವನ್ನು ಪ್ರೀತಿ, ಸಂತೋಷ, ಸಮಾಧಾನ, ತಾಳ್ಮೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ ಮತ್ತು ಸಂಯಮ ಎಂಬ ಒಂಬತ್ತು ಗುಣಗಳಲ್ಲಿ ಕಾಣುತ್ತದೆ. ವಯಸ್ಸು, ಪಾಂಡಿತ್ಯ, ಪದವಿಗಳು ಇದರಲ್ಲಿ ಸೇರಿಲ್ಲ.