ಗೋಡೆಯೂ ರಾಗಿಯೂ

ರಾಜಾಜಿನಗರದಲ್ಲಿ ಗಣೇಶನನ್ನು ಕೂರಿಸಿದಾಗ ಬೀದಿಗೆ ಅಡ್ಡಲಾಗಿ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಮುಂದೆ ಕೂರುವವರು ಬೇರೆ. ನಾವು ಕೇರಿಯ ಹುಡುಗರು ಪರದೆಯ ಹಿಂದುಗಡೆ. ಅಲ್ಲಿಂದ ಅಕ್ಷರವೆಲ್ಲ ತಿರುಗುಮುರುಗು, ಅದೂ ಓದಲು ಬರುವವರಿಗೆ. ಹಾಗೆ ನೋಡಿದ್ದು 1960ರ ‘ಭಕ್ತ ಕನಕದಾಸ’. ವೈ.ಆರ್. ಸ್ವಾಮಿ ನಿರ್ದೇಶನ, ಕನಕನಾಗಿ ರಾಜ್‌ಕುಮಾರ್, ಹಾಡಿಗೆ ಪಿ.ಬಿ. ಶ್ರೀನಿವಾಸ್. ಉಡುಪಿಯ ಕೃಷ್ಣ ಕನಕನ ಕಡೆ ತಿರುಗಿದಾಗ ಪರದೆಯ ಎರಡೂ ಕಡೆಯವರು ಕೈಮುಗಿದರು. ನನ್ನವ್ವ ಮಾತ್ರ ಕೇಳಿದಳು: ‘ದೇವ್ರೇನೋ ತಿರಿಕ್ಕಂಡ. ಆ ಬಾಗ್ಲು ತಗುದ್ರೇನ್ಲಾ ಮಗ?’

ತೆಗೆಯಲಿಲ್ಲ. ಇವತ್ತಿಗೂ ಅದನ್ನು ಕನಕನ ಕಿಂಡಿ ಅಂತಲೇ ಕರೀತಾರೆ, ಬಾಗಿಲು ಅಂತಲ್ಲ.

ಕನಕ 16ನೆಯ ಶತಮಾನದವನು. ಬಾಡ, ಕಾಗಿನೆಲೆಗಳ ಸೀಮೆಯವನು. ಕುರುಬ, ದಲಿತನಲ್ಲ. ಅವನನ್ನು ನಮ್ಮವನೆಂದು ಅಪ್ಪಿಕೊಳ್ಳುವ ಅವಸರದಲ್ಲಿ ನಾವು ಈ ವ್ಯತ್ಯಾಸವನ್ನು ಮರೆಯಬಾರದು. ಉಡುಪಿಯ ಪ್ರಸಂಗ ಐತಿಹ್ಯ. ಅದನ್ನು ಸಿನಿಮಾದವರು ಬಳಸಿಕೊಂಡರು ಎಂಬುದು ನನ್ನ ತಕರಾರಲ್ಲ. ಇಷ್ಟು ಹಿಂದಿನ ಕವಿಯ ಬದುಕನ್ನು ಕಲ್ಪನೆಯಿಲ್ಲದೆ ಕಟ್ಟುವುದಾದರೂ ಹೇಗೆ? ಆ ಕಲ್ಪನೆಯನ್ನು ಎಲ್ಲಿ ಖರ್ಚು ಮಾಡಿದರು ಅನ್ನುವುದು ನನ್ನ ಪ್ರಶ್ನೆ. ಒಬ್ಬ ಮನುಷ್ಯ ಕೂತು ಬರೆಯುತ್ತಿದ್ದರೆ ತೆರೆಯ ಮೇಲೆ ಏನೂ ನಡೆಯುವುದಿಲ್ಲ. ಗೋಡೆ ಬಿದ್ದರೆ ಶಿಳ್ಳೆ ಬೀಳುತ್ತೆ. ಹೆಸರಿನಲ್ಲೇ ನೋಡಿ: ‘ಭಕ್ತ’ ಬಂದು ಕೂತ, ಕವಿಗೆ ಜಾಗ ಇಲ್ಲ.

ಕವಿ ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ, ‘ರಾಮಧಾನ್ಯ ಚರಿತೆ’ ಓದಿದಾಗ. ಭಾಮಿನಿ ಷಟ್ಪದಿಯ ಪುಟ್ಟ ಕಾವ್ಯ. ಯಾವ ಧಾನ್ಯ ದೊಡ್ಡದು ಎಂದು ರಾಮನ ಎದುರು ಜಗಳ. ಭತ್ತ ತನ್ನ ಕುಲದ ಹೆಮ್ಮೆ ಹೇಳಿಕೊಂಡು ನರೆದಲೆಗನನ್ನು, ಅಂದರೆ ರಾಗಿಯನ್ನು, ಹೀನಾಯವಾಗಿ ಬೈಯುತ್ತದೆ. ರಾಗಿ ತಲೆ ತಗ್ಗಿಸುವುದಿಲ್ಲ. ನೀನು ಉಳ್ಳವರ ಪಕ್ಷ, ಬಡವರನ್ನು ಕಣ್ಣೆತ್ತಿ ನೋಡುವವನಲ್ಲ, ಹೆಣದ ಬಾಯಿಗೆ ಬೀಳುವವನು ಎಂದು ತಿರುಗಿಸಿ ಕೊಡುತ್ತದೆ. ರಾಮ ತೀರ್ಪು ಹೇಳುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಭತ್ತ ಕೆಡುತ್ತದೆ. ರಾಗಿ ಗಟ್ಟಿಯಾಗಿ ಹೊರಗೆ ಬಂದು ರಾಘವನ ಹೆಸರನ್ನೇ ಪಡೆಯುತ್ತದೆ.

ಮಾಗಡಿ ಕಡೆಯಿಂದ ಮುದ್ದೆಯ ಕೋಲು ಹೊತ್ತುಕೊಂಡು ಬೆಂಗಳೂರಿಗೆ ಬಂದವರು ನಾವು. ಅನ್ನ ಅಂದರೆ ಹಬ್ಬ. ಡಬ್ಬಿಯಲ್ಲಿ ಮುದ್ದೆ ಒಯ್ದರೆ ಸ್ಕೂಲಿನಲ್ಲಿ ನಗುತ್ತಾರೆಂದು ಮಧ್ಯಾಹ್ನ ಉಪವಾಸ ಇದ್ದವನು ನಾನು. ಅವ್ವನಿಗೆ ಈ ಕಥೆ ಹೇಳಿದೆ. ‘ಅದ್ಯಾಕ್ಲಾ ಈ ಸಿನ್ಮಾ ತೋರಿಸ್ನಿಲ್ಲ?’ ಅಂದಳು. ಕಿಂಡಿಯ ಮುಂದೆ ನಿಂತು ಬೇಡುವ ಕನಕನನ್ನು ನಾಡೇ ಬಲ್ಲದು. ಭತ್ತದ ಬಾಯಿ ಮುಚ್ಚಿಸಿದ ಕನಕನನ್ನು ಬೀದಿಯ ಪರದೆಯ ಮೇಲೆ ನಾನು ಕಾಣಲಿಲ್ಲ. 2018ರಲ್ಲಿ ‘ರಾಮಧಾನ್ಯ’ ಎಂಬ ಹೆಸರಿನ ಸಿನಿಮಾವೇ ಬಂತು. ಅಷ್ಟರಲ್ಲಿ ಅವ್ವ ಇರಲಿಲ್ಲ.

ಇದನ್ನು ಈಗ ಬರೆಯಲು ಕಾರಣ ನಮ್ಮ ಪಕ್ಕದ ಶ್ರೀರಾಮಪುರದ ಕವಿ ಸಿದ್ಧಲಿಂಗಯ್ಯನವರು. 2021ರ ಜೂನ್‌ನಲ್ಲಿ ಕೊರೋನಾಕ್ಕೆ ಅವರನ್ನು ಕಳೆದುಕೊಂಡೆವು. ಅವರ ಬದುಕು ಒಂದಲ್ಲ ಒಂದು ದಿನ ತೆರೆಗೆ ಬಂದೇ ಬರುತ್ತೆ. ‘ಊರುಕೇರಿ’ಯಲ್ಲಿ ಎತ್ತುಗಳ ಬದಲು ಹೆಗಲ ಮೇಲೆ ನೊಗ ಹೊತ್ತವರ ನಡುವೆ ಮಗ ತನ್ನ ಅಪ್ಪನನ್ನು ಕಾಣುತ್ತಾನಲ್ಲ, ಆ ದೃಶ್ಯವನ್ನು ಯಾವ ನಿರ್ದೇಶಕನೂ ಬಿಡುವುದಿಲ್ಲ. ಬಿಡಲೂ ಬಾರದು. ಆದರೆ ಅದೇ ಪುಸ್ತಕದಲ್ಲಿ ಗೋಪಾಲಪುರದ ಹಾಸ್ಟೆಲ್ ಇದೆ, ಸ್ಮಶಾನದಲ್ಲಿ ಕೂತು ಓದುವ ಹುಡುಗ ಇದ್ದಾನೆ. ಪುಟಪುಟಕ್ಕೂ ನಗು ಇದೆ. ಹಸಿವಿನ ಮಾತು ಬಂದಾಗಲೂ ಇದೆ. ನೊಗಕ್ಕೆ ಸಂಗೀತ ಹಾಕಿ ಅಳಿಸುವುದು ಸುಲಭ. ಸಮಾಧಿಯ ಮೇಲೆ ಪುಸ್ತಕ ಬಿಚ್ಚಿದ ಹುಡುಗನ ತಲೆಯೊಳಗೆ ಮೊದಲ ಪದ್ಯ ಹುಟ್ಟುವಾಗ ಕ್ಯಾಮೆರಾ ಎಲ್ಲಿಡುತ್ತಾರೆ?