ಬೊಜ್ಜಿನ ಶಸ್ತ್ರಚಿಕಿತ್ಸೆ: ವಿಧಗಳು ಮತ್ತು ಬಾಳಿಕೆ

ಅತಿಯಾದ ಬೊಜ್ಜನ್ನೂ ಅದರ ಬೆನ್ನಿಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರುಕಟ್ಟುವಿಕೆಯಂಥ ತೊಂದರೆಗಳನ್ನೂ ಇಳಿಸಲು ಜಠರ ಮತ್ತು ಸಣ್ಣ ಕರುಳಿನ ಮೇಲೆ ಮಾಡುವ ಆಪರೇಷನ್‌ಗಳಿಗೆ ಒಟ್ಟಾಗಿ ಬೇರಿಯಾಟ್ರಿಕ್ ಸರ್ಜರಿ ಎಂದು ಹೆಸರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಇದಲ್ಲ. ಅದು ಅಂದ ತಿದ್ದುವ ಕೆಲಸ. ಅದರಿಂದ ಶುಗರ್ ಇಳಿಯುವುದಿಲ್ಲ.

ಈ ಚಿಕಿತ್ಸೆಯ ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ, ಮೊದಲೆರಡು ವರ್ಷ ಬೆರಗು ಹುಟ್ಟಿಸಿ ಹತ್ತನೇ ವರ್ಷಕ್ಕೆ ವೈದ್ಯರೇ ಕೈಬಿಟ್ಟ ವಿಧಾನಗಳು ಒಂದೆರಡಲ್ಲ. 1952ರಲ್ಲಿ ಸ್ವೀಡನ್ನಿನ ವಿಕ್ಟರ್ ಹೆನ್ರಿಕ್ಸನ್ ತೂಕ ಇಳಿಸಲೆಂದು ಸಣ್ಣ ಕರುಳಿನ ಒಂದು ಭಾಗವನ್ನು ಕತ್ತರಿಸಿ ತೆಗೆದರು. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆರ್ನಾಲ್ಡ್ ಕ್ರೆಮೆನ್ ಮತ್ತು ಸಂಗಡಿಗರು ಕರುಳಿನ ಬಹುಭಾಗವನ್ನು ಹೊಟ್ಟೆಯಲ್ಲೇ ಬಿಟ್ಟು, ಆಹಾರ ಮಾತ್ರ ಅದನ್ನು ಹಾಯದಂತೆ ಮೊದಲ ತುಂಡನ್ನು ಕೊನೆಯ ತುಂಡಿಗೆ ಜೋಡಿಸಿದರು. ಉಂಡದ್ದು ಮೈಗೆ ಹತ್ತದೆ ತೂಕ ಸರ್ರನೆ ಇಳಿಯಿತು. ಆದರೆ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಪಿತ್ತಜನಕಾಂಗದ ವೈಫಲ್ಯ ಒಂದರ ಹಿಂದೊಂದು ಬಂದವು. ಕೆಲವರು ಸತ್ತರು. ಹಲವರು ಮತ್ತೆ ಮೇಜಿನ ಮೇಲೆ ಮಲಗಿ ಕರುಳನ್ನು ಮೊದಲಿನಂತೆ ಜೋಡಿಸಿಕೊಳ್ಳಬೇಕಾಯಿತು. 1980ರ ದಶಕದ ಹೊತ್ತಿಗೆ ಈ ವಿಧಾನ ಬಳಕೆ ತಪ್ಪಿತು.

ಜಠರದ ಬೈಪಾಸ್ ಹುಟ್ಟಿದ್ದು ಒಂದು ಗಮನಿಕೆಯಿಂದ. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಆಮೇಲೆ ದಪ್ಪಗಾಗುವುದಿಲ್ಲವೆಂಬುದನ್ನು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಕಂಡಿದ್ದರು. ಚಿಕಾಶಿ ಇಟೊ ಜೊತೆಗೂಡಿ 1967ರಲ್ಲಿ ಈ ಆಪರೇಷನ್ ಪ್ರಕಟಿಸಿದರು. ಇಂದು ನಡೆಯುವುದು ಅದರ ತಿದ್ದಿದ ರೂಪ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದಕ್ಕೆ ಕೆಳಗಿನ ಕರುಳನ್ನು ತಂದು ಹೊಲಿಯುತ್ತಾರೆ. ಉಳಿದ ಜಠರವೂ ಕರುಳಿನ ಮೊದಲ ಭಾಗವೂ ಆಹಾರದ ದಾರಿಯಿಂದ ಆಚೆ ಉಳಿಯುತ್ತವೆ. ಇಂಗ್ಲಿಷಿನ ವೈ ಅಕ್ಷರದಂಥ ಈ ಜೋಡಣೆಗೆ ಸ್ವಿಟ್ಜರ್ಲೆಂಡಿನ ಸೀಸರ್ ರೂ ಹೆಸರಿದೆ. 1994ರಲ್ಲಿ ಅಮೆರಿಕದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಇದನ್ನು ಸಣ್ಣ ರಂಧ್ರಗಳ ಮೂಲಕ ಮಾಡಿ ತೋರಿಸಿದ ಮೇಲೆ ಆಸ್ಪತ್ರೆವಾಸ ಕೆಲವೇ ದಿನಗಳಿಗೆ ಇಳಿಯಿತು. 1997ರಲ್ಲಿ ರಾಬರ್ಟ್ ರಟ್ಲೆಜ್ ಒಂದೇ ಜೋಡಣೆಯ 'ಮಿನಿ ಬೈಪಾಸ್' ಆರಂಭಿಸಿದರು. ಅದಕ್ಕೆ ಭಾರತದಲ್ಲಿ ಒಲವು ಹೆಚ್ಚು.

ಜಠರದ ಕುತ್ತಿಗೆಗೆ ಸಿಲಿಕೋನ್ ಪಟ್ಟಿ ಬಿಗಿಯುವ ಬ್ಯಾಂಡ್‌ಗೆ 2001ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಕತ್ತರಿಸುವ ಕೆಲಸವಿಲ್ಲ, ಬೇಡವಾದರೆ ತೆಗೆಯಬಹುದು ಎಂದು ಹಿಂಡು ಹಿಂಡಾಗಿ ಹಾಕಿಸಿಕೊಂಡರು. ಪಟ್ಟಿ ಜಾರಿತು, ಜಠರದ ಗೋಡೆ ಕೊರೆಯಿತು, ತೂಕವೂ ಸಾಕಷ್ಟು ಇಳಿಯಲಿಲ್ಲ. ಈಗ ಅದನ್ನು ಕೇಳುವವರೇ ಕಡಿಮೆ.

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಸ್ಲೀವ್ ಆಪರೇಷನ್, ಅಸಲಿಗೆ ಅರ್ಧಕ್ಕೆ ನಿಲ್ಲಿಸಿದ ಕೆಲಸ. 2000ರ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಮಿಶೆಲ್ ಗಾನ್ಯೆ ತಂಡ ತೀರಾ ಭಾರಿ ದೇಹದವರಿಗೆ ದೊಡ್ಡ ಆಪರೇಷನ್ನನ್ನು ಎರಡು ಕಂತಿನಲ್ಲಿ ಮಾಡತೊಡಗಿತು. ಮೊದಲ ಕಂತಿನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದು ಬಾಳೆಕಾಯಿಯಷ್ಟು ಗಾತ್ರದ ಕೊಳವೆ ಉಳಿಸಿದರೆ, ಅಷ್ಟಕ್ಕೇ ಹಲವರ ತೂಕ ಇಳಿದು ಎರಡನೇ ಕಂತೇ ಬೇಡವಾಯಿತು. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ.

ಬಾಳಿಕೆಯ ಮಾತಿಗೆ ಬಂದರೆ, 1987ರಲ್ಲಿ ಸ್ವೀಡನ್ ಆರಂಭಿಸಿದ ಅಧ್ಯಯನದಷ್ಟು ಉದ್ದದ ಆಧಾರ ಬೇರೆ ಕಡೆ ಸಿಗುವುದು ಕಷ್ಟ. ಆಪರೇಷನ್ ಆದ 2,010 ಮಂದಿಯನ್ನು, ಆಪರೇಷನ್ ಇಲ್ಲದ 2,037 ಮಂದಿಯ ಜೊತೆ ಹೋಲಿಸುತ್ತ ಬಂದರು. 15 ವರ್ಷಗಳ ಬಳಿಕ ಬೈಪಾಸ್ ಆದವರು ಮೂಲ ತೂಕದ ಶೇ. 27ರಷ್ಟು ಇಳಿದೇ ಇದ್ದರು, ಬ್ಯಾಂಡ್‌ನವರದು ಶೇ. 13. ಸಕ್ಕರೆ ಕಾಯಿಲೆಯ ಕಥೆ ಅಷ್ಟು ನೆಮ್ಮದಿಯದಲ್ಲ: ಎರಡನೇ ವರ್ಷ ಶೇ. 72 ಮಂದಿ ಅದರಿಂದ ಪಾರಾಗಿದ್ದರೆ, 15ನೇ ವರ್ಷಕ್ಕೆ ಹಾಗೇ ಪಾರಾಗಿ ಉಳಿದವರು ಶೇ. 30. ಆಯುಸ್ಸು ಸರಾಸರಿ ಮೂರು ವರ್ಷ ಹೆಚ್ಚಿತೆಂದು 2020ರ ವರದಿ ಹೇಳಿತು. 'ಆಪರೇಷನ್ ಮಾಡಿಸಿದರೆ ಶುಗರ್ ಶಾಶ್ವತವಾಗಿ ಹೋಗುತ್ತದೆ' ಎನ್ನುವ ಜಾಹೀರಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು.

ಸ್ಲೀವ್ ಮತ್ತು ಬೈಪಾಸ್‌ಗಳನ್ನು ಎದುರಾಬದುರಾಗಿ ಹೋಲಿಸಿದ್ದು ಫಿನ್ಲೆಂಡ್, 240 ರೋಗಿಗಳಲ್ಲಿ. ಹತ್ತು ವರ್ಷಗಳ ಕೊನೆಗೆ ಹೆಚ್ಚುವರಿ ತೂಕದಲ್ಲಿ ಬೈಪಾಸ್‌ನವರು ಶೇ. 50.7, ಸ್ಲೀವ್‌ನವರು ಶೇ. 43.5 ಕಳೆದುಕೊಂಡಿದ್ದರು. ಅಂತರ ದೊಡ್ಡದಲ್ಲ. ದೊಡ್ಡ ಅಂತರ ಕಂಡದ್ದು ಎದೆಯುರಿಯಲ್ಲಿ: ಅನ್ನನಾಳದ ಉರಿಯೂತ ಸ್ಲೀವ್‌ನವರಲ್ಲಿ ಶೇ. 31, ಬೈಪಾಸ್‌ನವರಲ್ಲಿ ಶೇ. 7. ಆಸಿಡಿಟಿ ಮಾತ್ರೆಯಿಲ್ಲದೆ ದಿನ ಕಳೆಯದವರಿಗೆ ಸ್ಲೀವ್ ಹೊಂದುವುದಿಲ್ಲ ಎನ್ನುವುದು ಇದರಿಂದಲೇ.

ಭಾರತದಲ್ಲಿ ಇದು ಮನೆಮಾತಾದದ್ದು 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಮಾಡಿಸಿಕೊಂಡ ಮೇಲೆ. ಯಾರಿಗೆ ಸಲ್ಲುತ್ತದೆ ಎಂಬುದರಲ್ಲಿ ಎರಡು ಅಳತೆಗೋಲುಗಳಿವೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದರಿಂದ 2009ರ ಭಾರತೀಯ ಒಮ್ಮತದ ಸೂತ್ರಗಳು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 37.5, ಜೊತೆ ಕಾಯಿಲೆಯಿದ್ದರೆ 32.5 ಎಂದವು. ವಿಮಾ ನಿಯಂತ್ರಕರ ನಿಯಮದಲ್ಲಿ ಇಂದಿಗೂ 40 ಮತ್ತು 35. ಐದು ಅಡಿ ಐದು ಇಂಚು ಎತ್ತರದ, 90 ಕೆ.ಜಿ. ತೂಕದ ಸಕ್ಕರೆ ರೋಗಿಯ ಬಿಎಂಐ 33. ವೈದ್ಯಕೀಯ ಸೂತ್ರದಲ್ಲಿ ಅರ್ಹ, ಪಾಲಿಸಿಯಲ್ಲಿ ಅನರ್ಹ.

ಕೊಪ್ಪಳ, ಭಾಗ್ಯನಗರದ ಕಡೆಯವರು ಇಂಥ ಆಪರೇಷನ್‌ಗೆ ಸಾಮಾನ್ಯವಾಗಿ ಹುಬ್ಬಳ್ಳಿ, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಹೋಗಿಬರುವುದು ಸುಲಭ, ಆಮೇಲಿನದು ಕಷ್ಟ. ಕಬ್ಬಿಣ, ಕ್ಯಾಲ್ಸಿಯಂ ಹೀರಿಕೊಳ್ಳುವ ಕರುಳೇ ಬೈಪಾಸ್‌ನಲ್ಲಿ ಆಹಾರದ ದಾರಿಯಿಂದ ಆಚೆ ಉಳಿಯುವುದರಿಂದ ಮಾತ್ರೆ, ಬಿ12, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಜೀವನಪೂರ್ತಿ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆಯಿರುವ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. ತಟ್ಟೆಯಲ್ಲಿ ರೊಟ್ಟಿಗಿಂತ ಮೊದಲು ಕಾಳುಪಲ್ಯ, ಮೊಸರು, ಮೊಟ್ಟೆ ಮುಗಿಯಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಾದಲಿ ಕೈತುಂಬ ಉಂಡ ಬೈಪಾಸ್ ರೋಗಿಗೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ತಲೆಸುತ್ತು ಬರಬಹುದು. ಸಿಹಿ ನೇರವಾಗಿ ಕರುಳಿಗೆ ಸುರಿದದ್ದೇ ಕಾರಣ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದೂ ಸಾಮಾನ್ಯ. ಕೂದಲಿನ ವ್ಯಾಪಾರದಿಂದಲೇ ಹೆಸರಾದ ಭಾಗ್ಯನಗರದಲ್ಲಿ ಇದು ಬೇಗ ಕಣ್ಣಿಗೆ ಬೀಳುವ ಸಂಗತಿ. ಸಾಮಾನ್ಯವಾಗಿ ಅದು ಮತ್ತೆ ಬೆಳೆಯುತ್ತದೆ. ಬಿಡದೆ ವಾಂತಿಯಾಗುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ: ಬಿ1 ಜೀವಸತ್ವ ಬರಿದಾಗಿ ಮಿದುಳಿಗೇ ಪೆಟ್ಟು ಬೀಳುತ್ತದೆ. ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಬಸಿರನ್ನು ಮುಂದೂಡಬೇಕು.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಇವು ಅನುಕರಿಸುವ, ಹಸಿವು ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನು ಬೈಪಾಸ್ ಆದವರಲ್ಲಿ ಊಟದ ನಂತರ ತಾನಾಗಿಯೇ ಏರುತ್ತದೆ. ಚುಚ್ಚುಮದ್ದು ಬಿಟ್ಟರೆ ತೂಕ ಮರಳುತ್ತದೆ. ಆಪರೇಷನ್ ಆಗಿಯೂ ತೂಕ ಮರಳಿದವರಿಗೆ ವೈದ್ಯರು ಈಗ ಇವನ್ನು ಬರೆದುಕೊಡುತ್ತಿದ್ದಾರೆ.